ಹೆಬ್ಬೆರಳು ಮತ್ತು ಮೂರು ಬೆರಳು

ನನ್ನ ಯಜಮಾನರು ಬದುಕಿದ್ದಷ್ಟು ಕಾಲ ಒಂದು ದಿನವೂ ನನ್ನ ಕಾಲು ಒತ್ತಿದವರಲ್ಲ. ಸತ್ತ ಮೇಲೆ ಶುರು ಮಾಡಿದರು. ಇದೇ ನನ್ನ ದೂರು.

ಒಳ್ಳೆಯ ಬುದ್ಧಿ ಬರುವುದಕ್ಕೂ ಒಂದು ಹೊತ್ತು ಗೊತ್ತು ಇರಬೇಕೋ ಬೇಡವೋ? ದಿನವಿಡೀ ದರ್ಜಿ ಅಂಗಡಿಯಲ್ಲಿ ಕೂತು ಅಂಗಿಗಳಿಗೆ ಕಾಜಾ ಹೊಲಿದು, ಗುಂಡಿ ಹಚ್ಚಿ, ಮನೆಗೆ ಬಂದು ಒಲೆ ಮುಂದೆ ನಿಂತು, "ರೀ, ಮೊಣಕಾಲು ಸಿಡಿಯುತ್ತಿದೆ" ಅಂದರೆ ಅವರು ಪೇಪರಿನ ಹಿಂದಿನಿಂದ "ಹೂಂ" ಅನ್ನುತ್ತಿದ್ದರು. ಅದೇ ಅವರ ತಂಗಿ, ಅಂದರೆ ನನ್ನ ನಾದಿನಿ, ಒಂದು ಸೀನು ಸೀನಿದರೆ ಸಾಕು, ಪೇಪರು ಕೆಳಗಿಳಿಯುತ್ತಿತ್ತು. "ಯಾಕೆ ಪುಟ್ಟಿ, ಶೀತವಾ?" ಪುಟ್ಟಿಗೆ ಈಗ ಅರವತ್ತು ದಾಟಿದೆ. ಅವಳ ಹಲ್ಲು ಲೋಟದಲ್ಲಿ ಮಲಗುತ್ತದೆ, ಅವಳು ಮಂಚದ ಮೇಲೆ ಮಲಗುತ್ತಾಳೆ. ಗಂಡ ಹೋದ ಮೇಲೆ ನಮ್ಮ ಮನೆಯಲ್ಲೇ, ನನ್ನ ಕೋಣೆಯಲ್ಲೇ ಇದ್ದಾಳೆ. (ಬಾಗಿಲ ಪಕ್ಕ ಅವಳ ಮಂಚ, ಕಿಟಕಿ ಪಕ್ಕ ನನ್ನ ಮಂಚ, ನಡುವೆ ನನ್ನ ಹಳೆಯ ಹೊಲಿಗೆ ಯಂತ್ರ, ಗಡಿಕಲ್ಲಿನ ಹಾಗೆ.)

ಕಾಲಿನ ವಿಷಯಕ್ಕೆ ಬರುವ ಮೊದಲು ನನ್ನ ಔಷಧದ ವ್ಯವಸ್ಥೆ ಹೇಳಿಬಿಡಬೇಕು. ಅದರ ಮೇಲೆ ನನಗೆ ಭಾರಿ ಹೆಮ್ಮೆಯಿತ್ತು.

ನನ್ನ ಓದು ಅಷ್ಟಕ್ಕಷ್ಟೆ. ದಪ್ಪ ಅಕ್ಷರವಾದರೆ ಕೂಡಿಸಿ ಕೂಡಿಸಿ ಓದುತ್ತೇನೆ. ಮಾತ್ರೆ ಹಾಳೆಯ ಮೇಲಿನ ಇರುವೆ ಸಾಲು ನನ್ನ ಕಣ್ಣಿಗೆ ಹತ್ತುವುದಿಲ್ಲ. ಆದರೆ ಗುಂಡಿ ನೋಡಿ ಪಳಗಿದ ಕಣ್ಣು ಇದು. ಬಿಳಿಯಲ್ಲೇ ಹಾಲಿನ ಬಿಳಿ ಬೇರೆ, ಸುಣ್ಣದ ಬಿಳಿ ಬೇರೆ ಅಂತ ದೂರದಿಂದಲೇ ಹೇಳಬಲ್ಲೆ. ಹಾಗಾಗಿ ಮಾತ್ರೆಗಳನ್ನೆಲ್ಲ ಹಾಳೆಯಿಂದ ಬಿಡಿಸಿ ನನ್ನ ಗುಂಡಿ ಡಬ್ಬಿಯ ಮನೆಗಳಿಗೆ ತುಂಬಿಕೊಂಡಿದ್ದೆ. ಚಿಕ್ಕ ಬಿಳಿ ಬಿಪಿಗೆ. ದೊಡ್ಡ ಬಿಳಿ ಮೊಣಕಾಲಿನ ಬಾವಿಗೆ, ಅದು ಡಾಕ್ಟರಮ್ಮ ಬರೆದುಕೊಟ್ಟಿದ್ದು. ಗುಲಾಬಿ ಬಣ್ಣದ್ದು ಬೆರಳಿಗೆ. ಸೂಜಿ ಹಿಡಿದು ಹಿಡಿದು ನನ್ನ ಬಲಗೈಯ ಉಂಗುರದ ಬೆರಳು ಗೆಣ್ಣು ಊದಿ, ಮಡಚಲಾರದೆ ಕಡ್ಡಿಯ ಹಾಗೆ ನೆಟ್ಟಗೆ ನಿಂತುಬಿಟ್ಟಿದೆ. ಔಷಧಿ ಅಂಗಡಿಯವನಿಗೆ ತೋರಿಸಿದೆ, ಅವನು ಇದು ತಗೊಳ್ಳಿ ಅಮ್ಮಾ ಅಂದ, ತಗೊಂಡೆ. ಇನ್ನು ಹಳದಿ ಕ್ಯಾಪ್ಸೂಲು ಸೊಂಟಕ್ಕೆ. ಅದು ನಾದಿನಿಗೆ ಅವಳ ಬೆನ್ನುನೋವಿಗೆ ಕೊಟ್ಟಿದ್ದು. ಅಣ್ಣನ ಹೆಂಡತಿ ಅಂತ ನನಗೂ ಪಾಲು ಕೊಟ್ಟಿದ್ದಳು. (ಅವಳು ನನಗೆ ಮನಸಾರೆ ಕೊಟ್ಟ ಒಂದೇ ಒಂದು ವಸ್ತು, ನೋಡಿ ಅದು ಏನಾಯಿತು.)

"ಅತ್ತೆ, ಹಾಳೆಯಿಂದ ಬಿಡಿಸಬೇಡಿ ಅಂತ ಎಷ್ಟು ಸಲ ಹೇಳಲಿ? ಯಾವ ಮಾತ್ರೆ, ಯಾವಾಗ ಕೆಡುತ್ತೆ, ಎಲ್ಲ ಆ ಹಾಳೆ ಮೇಲೇ ಇರೋದು," ಅನ್ನುತ್ತಿದ್ದಳು ಸೊಸೆ. ಅವಳದು ಕನ್ನಡಕದ ಅಂಗಡಿಯಲ್ಲಿ ಕೆಲಸ. ಕಂಡವರ ಕಣ್ಣಿಗೆಲ್ಲ ಗಾಜು ಕೂಡಿಸಿ ಕೂಡಿಸಿ, ತನಗೊಬ್ಬಳಿಗೇ ಕಣ್ಣಿರುವುದು ಅಂದುಕೊಂಡಿದ್ದಾಳೆ ಅಂತ ನನ್ನ ಅಭಿಪ್ರಾಯವಾಗಿತ್ತು.

"ನನ್ನ ಡಬ್ಬಿಯಲ್ಲಿ ಒಂದು ಗುಂಡಿ ತಪ್ಪಿದ್ದು ತೋರಿಸು, ಆಮೇಲೆ ಮಾತಾಡು," ಅನ್ನುತ್ತಿದ್ದೆ. ಖಾಲಿ ಹೊಟ್ಟೆಯಲ್ಲಿ ನುಂಗುವವಳಲ್ಲ ನಾನು. ತಿಂಡಿಯಾದ ಮೇಲೆ, ತುಂಬಿದ ಲೋಟ ನೀರಿನ ಜೊತೆ, ಒಂದೊಂದಾಗಿ, ಬಣ್ಣದ ಪ್ರಕಾರ. ಅರಮನೆಯ ಊಟ ಕೂಡ ಅಷ್ಟು ಕ್ರಮವಾಗಿ ನಡೆದಿರಲಾರದು.

ಸರಿ, ಒಂದು ಮಧ್ಯಾಹ್ನ. ಊಟವಾಗಿ ಮಲಗಿದ್ದೆ. ಸೊಸೆ ಅಂಗಡಿಗೆ ಹೋಗಿದ್ದಳು. ಮಗ ಲಾರಿ ಹತ್ತಿದವನು ವಾರಕ್ಕೊಮ್ಮೆ ಇಳಿಯುವವನು. ಬೀದಿಯಲ್ಲಿ ಒಂದು ಸೈಕಲ್ಲಿನ ಸದ್ದೂ ಇಲ್ಲ. ಎಚ್ಚರವಾದಾಗ ಕೋಣೆ ಯಾರೋ ಈಗಷ್ಟೇ ಮಾತು ನಿಲ್ಲಿಸಿದ ಹಾಗೆ ಇತ್ತು. ಕಣ್ಣು ಬಿಟ್ಟರೆ ಹೊಲಿಗೆ ಯಂತ್ರದ ಗಾಲಿ ಮೆಲ್ಲಗೆ ಅರ್ಧ ಸುತ್ತು ತಿರುಗಿ ನಿಂತಿತು. ಅದರ ಮೇಲೆ ಕೈಯೂರಿಕೊಂಡು ಯಾರೋ ಎದ್ದುಹೋದ ಹಾಗೆ.

ಎದ್ದು ಕೂತು ಕಾಲು ನೋಡಿಕೊಂಡೆ.

ಬಲಗಾಲಿನ ಮೇಲೆ, ಪಾದದ ಹರಡಿನಿಂದ ಸ್ವಲ್ಪ ಮೇಲೆ, ಗುಳಿಗಳು ಬಿದ್ದಿದ್ದವು. ಒಳಬದಿಗೆ ದೊಡ್ಡದೊಂದು. ಹೊರಬದಿಗೆ ಮೂರು. ನಾದಿದ ಹಿಟ್ಟಿಗೆ ಬೆರಳು ಒತ್ತಿ ತೆಗೆದರೆ ಹೇಗೋ ಹಾಗೆ. ಉಜ್ಜಿದೆ, ಹೋಗಲಿಲ್ಲ. ನೋವಿಲ್ಲ, ಕೆಂಪಿಲ್ಲ. ತಣ್ಣಗೆ, ನನ್ನ ಕಾಲಲ್ಲವೇನೋ ಅನ್ನುವ ಹಾಗಿತ್ತು. ಒಂದು ಹಿಡಿ. ಯಾರೋ ಹಿಡಿದುಕೊಂಡು ಕೂತಿದ್ದ ಹಿಡಿ.

ನಾನು ಹೆದರುವವಳಲ್ಲ. ಸರಿಯಾಗಿ ನೋಡುವವಳು. ನೋಡಿದೆ. ಹೊರಬದಿಯಲ್ಲಿ ತೋರುಬೆರಳು, ನಡುಬೆರಳು, ಆಮೇಲೆ ಒಂದು ಖಾಲಿ ಜಾಗ, ಆಮೇಲೆ ಕಿರುಬೆರಳು. ಆ ಖಾಲಿ ಜಾಗ ನೋಡಿದಾಗ ಮಾತ್ರ ಸೆರಗು ಎಳೆದುಕೊಂಡು ಸರಿಯಾಗಿ ಕೂತೆ. ನನ್ನ ಯಜಮಾನರು ಮುದ್ರಣದ ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದವರು. ಕಾಗದ ಕತ್ತರಿಸುವ ಯಂತ್ರ ಅವರ ಬಲಗೈಯ ಉಂಗುರದ ಬೆರಳನ್ನು ಬುಡದಿಂದಲೇ ತೆಗೆದುಕೊಂಡಿತ್ತು.

"ಪುಟ್ಟೀ," ಅಂತ ಕೂಗಿದೆ. ಜನ್ಮದಲ್ಲಿ ನಾನು ಅವಳನ್ನು ಹಾಗೆ ಕರೆದದ್ದು ಅದೇ ಮೊದಲು. ಅವಳು ಗಾಬರಿಯಿಂದ ಎದ್ದು ಕೂತಳು.

"ಏನತ್ತಿಗೆ, ಮನೆಗೆ ಬೆಂಕಿ ಬಿತ್ತಾ?"

"ನಿನ್ನ ಅಣ್ಣ ಬಂದಿದ್ದರು."

ಅವಳು ಬಂದು ನೋಡಿದಳು. ಹಲ್ಲು ಹಾಕಿಕೊಂಡು ಬಂದು ಇನ್ನೊಮ್ಮೆ ನೋಡಿದಳು. ನಾನು ಟೇಪು ತೆಗೆದು ಹೆಬ್ಬೆರಳ ಗುಳಿಯಿಂದ ಕಿರುಬೆರಳ ಗುಳಿಯವರೆಗೆ ಅಳೆದೆ.

"ಅಣ್ಣನ ಕೈ ಇದಕ್ಕಿಂತ ದೊಡ್ಡದು ಅತ್ತಿಗೆ."

"ಹತ್ತಿ ಬಟ್ಟೆ ಒಂದು ನೀರಿಗೆ ಕುಗ್ಗುತ್ತೆ. ಮನುಷ್ಯ ಹೋಗಿ ಇಷ್ಟು ವರ್ಷವಾಯಿತು. ಒಂದು ಬೆರಳಗಲ ಕುಗ್ಗಬಾರದಾ?"

ಅವಳಿಗೆ ಅದು ಒಪ್ಪಿಗೆಯಾಯಿತು. ಒಪ್ಪಿಗೆಯಾಗದೆ ಹೋದದ್ದು ಬೇರೆ. "ನನ್ನ ಮಂಚ ಬಾಗಿಲ ಹತ್ತಿರ. ನನ್ನನ್ನ ದಾಟಿಕೊಂಡೇ ನಿನ್ನ ಹತ್ತಿರ ಬರಬೇಕು. ಒಡಹುಟ್ಟಿದವಳು ಇಲ್ಲೇ ಬಿದ್ದಿದ್ದಾಳೆ, ತಲೆ ಮೇಲೆ ಒಂದು ಸಲ ಕೈ ಇಡೋಣ ಅಂತ ಅನ್ನಿಸಲಿಲ್ಲವಾ ಅವನಿಗೆ?"

"ನಿನ್ನ ಗೊರಕೆಗೆ ಹೆದರಿರಬೇಕು."

"ಬದುಕಿದ್ದಾಗ ನಿನ್ನ ಕಾಲು ಅವನಿಗೆ ಕಾಣಲಿಲ್ಲ."

"ಈಗ ಕಾಣ್ತಿದೆ. ನಿನಗ್ಯಾಕೆ ಹೊಟ್ಟೆಕಿಚ್ಚು?"

ಈ ಕೊನೆಯ ಮಾತು ಆಡುವಾಗ ನನಗಾದ ಸುಖ ಎಂಥದ್ದು ಅಂತ ಬರೆಯಲು ನನ್ನ ಅಕ್ಷರ ಸಾಲದು. ಒಂದು ಜನ್ಮದ ಬಾಕಿ ತೀರಿದ ಹಾಗಾಯಿತು.

ಮರುದಿನದಿಂದ ನನ್ನ ಮಂಚದ ಕಾಲುದೆಸೆಯಲ್ಲಿ ಅವರ ಹಳೆಯ ಕುರ್ಚಿ ಹಾಕಿಟ್ಟೆ. ಬಂದವರು ನಿಂತೇ ಕಾಲು ಒತ್ತಬೇಕೆ? ಮಧ್ಯಾಹ್ನ ಮಲಗುವ ಮೊದಲು ಕುರ್ಚಿಗೆ ಎರಡು ಮಾತು ಹೇಳಿ ಮಲಗುತ್ತಿದ್ದೆ. "ರೀ, ಎಡಗಾಲೂ ನನ್ನದೇ, ಅದನ್ನೂ ಸ್ವಲ್ಪ ನೋಡಿ." ಎದ್ದಾಗ ಗುಳಿ ಇರುತ್ತಿದ್ದವು, ಬಲಗಾಲಿನಲ್ಲೇ. (ಅಲ್ಲಿಗೆ ಹೋದ ಮೇಲೂ ಹೇಳಿದ ಕೆಲಸ ಅರ್ಧ ಮಾಡುವ ಬುದ್ಧಿ ಹೋಗಿರಲಿಲ್ಲ.) ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ನೋಡಿಹೋದರು. ಇಸ್ತ್ರಿಯವಳು ಅತ್ತೇಬಿಟ್ಟಳು. "ನಮ್ಮವರು ಬದುಕಿದ್ದಾರೆ, ನನ್ನ ಕಾಲು ಎಲ್ಲಿದೆ ಅಂತಲೂ ಅವರಿಗೆ ಗೊತ್ತಿಲ್ಲ," ಅಂದಳು.

ಹೀಗೆ ವೈಭವದಲ್ಲಿ ದಿನ ಕಳೆಯುತ್ತಿದ್ದಾಗ ಒಂದು ವಿಷಯ ಗಮನಕ್ಕೆ ಬಂತು. ಗುಳಿಗಳು ಮೊದಲಿಗಿಂತ ಆಳವಾಗುತ್ತಿದ್ದವು. ಮೊದಲು ಒಂದು ಲೋಟ ಟೀ ಕುಡಿಯುವಷ್ಟರಲ್ಲಿ ಮಾಯುತ್ತಿದ್ದವು, ಈಗ ದೀಪ ಹಚ್ಚುವ ಹೊತ್ತಿಗೂ ಹಾಗೇ ಇರುತ್ತಿದ್ದವು. ಹಿಡಿತ ಮೇಲಕ್ಕೂ ಬರುತ್ತಿತ್ತು. ಹರಡಿನ ಹತ್ತಿರ ಇದ್ದದ್ದು ಮೀನಖಂಡಕ್ಕೆ, ಅಲ್ಲಿಂದ ಮೊಣಕಾಲಿನ ಕೆಳಕ್ಕೆ. ಚಪ್ಪಲಿ ಹಿಡಿಸದಾಯಿತು. ಬೆಳಿಗ್ಗೆ ಕನ್ನಡಿಯಲ್ಲಿ ಕಂಡ ಮುಖ ಯಾರದೋ ಆಗಿತ್ತು, ಕಣ್ಣಿನ ಕೆಳಗೆ ದಿಂಬು ಹೊಲಿದಿಟ್ಟ ಹಾಗೆ. ನಾಲ್ಕು ಮೆಟ್ಟಿಲು ಹತ್ತಿದರೆ ಹಿಂದಿನಿಂದ ಯಾರೋ ಹಿಡಿದು ಎಳೆದಂತಾಗಿ ಉಸಿರು ನಿಲ್ಲುತ್ತಿತ್ತು. ಹೊಟ್ಟೆಯ ಮೇಲ್ಭಾಗದಲ್ಲಿ ಉರಿ.

ಒಂದು ಮಧ್ಯಾಹ್ನ ಮಲಗಿಕೊಂಡು ಕುರ್ಚಿಯನ್ನೇ ನೋಡುತ್ತಿದ್ದೆ. ಬಿಸಿಲು ಕಿಟಕಿಯಿಂದ ಬಂದು ಕುರ್ಚಿಯ ಕೂರುವ ಜಾಗದಲ್ಲಿ ಮಾತ್ರ ಬಿದ್ದಿತ್ತು. ಆಗ ನನಗೆ ಹೊಳೆಯಿತು. ಮೊದಲು ಹರಡು, ಆಮೇಲೆ ಮೀನಖಂಡ, ಆಮೇಲೆ ಮೊಣಕಾಲು. ಕೆಳಗಿನಿಂದ ಮೇಲಕ್ಕೆ, ಒಂದೊಂದು ಹಿಡಿ. ಜೀವನವೆಲ್ಲ ದರ್ಜಿ ಅಂಗಡಿಯಲ್ಲಿ ಕಳೆದವಳಿಗೆ ಇದು ಗೊತ್ತಾಗಲು ಇಷ್ಟು ದಿನ ಬೇಕಿತ್ತೇ? ಇವರು ಕಾಲು ಒತ್ತುತ್ತಿಲ್ಲ. ನನ್ನ ಅಳತೆ ತೆಗೆದುಕೊಳ್ಳುತ್ತಿದ್ದಾರೆ.

ಅಳತೆ ಮುಗಿದ ಮೇಲೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಕತ್ತರಿ.

ನನಗೆ ಸಾಯಲು ಇಷ್ಟವಿರಲಿಲ್ಲ. ಅವರ ಮೇಲೆ ಪ್ರೀತಿ ಇಲ್ಲವೆಂದಲ್ಲ, ಆದರೆ ಕೆಲಸವಿತ್ತು. ಮಗನ ಅಂಗಿಯ ಕಾಲರು ತಿರುವಿ ಹೊಲಿಯುವುದಿತ್ತು. ಸಾವನ್ನು ಮುಂದೂಡಲು ನನಗೆ ತಿಳಿದ ಒಂದೇ ಉಪಾಯ ಔಷಧವನ್ನು ಇನ್ನೂ ನಿಷ್ಠೆಯಿಂದ ತೆಗೆದುಕೊಳ್ಳುವುದು. ಕಾಲಿನ ಬಾವು ಹೆಚ್ಚಾಗಿದೆ, ದೊಡ್ಡ ಬಿಳಿ ಬಾವಿನ ಮಾತ್ರೆ ತಾನೆ? ಬೆಳಿಗ್ಗೆಯ ಜೊತೆಗೆ ಸಂಜೆಗೂ ಒಂದು ಸೇರಿಸಿದೆ. ಊಟದ ಮೇಲೆಯೇ. ತುಂಬಿದ ಲೋಟ ನೀರಿನ ಜೊತೆಯೇ.

ಗುಳಿ ಮೊಣಕಾಲು ದಾಟಿತು.

ಆ ಭಾನುವಾರ ಸೊಸೆ ಮನೆಯಲ್ಲಿದ್ದಳು. ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. "ನೋಡಮ್ಮಾ, ನಾನು ಹೋದ ಮೇಲೆ ದೊಡ್ಡ ಕತ್ತರಿ ನಿನಗೆ. ನಿನ್ನ ಚಿಕ್ಕತ್ತೆ ಕೈಗೆ ಕೊಡಬೇಡ, ಅವಳು ಅದರಲ್ಲಿ ಕಾಲಿನ ಉಗುರು ಕತ್ತರಿಸ್ತಾಳೆ."

"ಎಲ್ಲಿಗೆ ಹೋಗ್ತಿದ್ದೀರಿ ಅತ್ತೆ?"

"ನಿಮ್ಮ ಮಾವ ಕರೀತಿದ್ದಾರೆ." ಹೊದಿಕೆ ಸರಿಸಿ ಕಾಲು ತೋರಿಸಿದೆ.

ಅವಳು ನಗಲಿಲ್ಲ. ನಕ್ಕಿದ್ದರೆ ನನಗೆ ಧೈರ್ಯ ಬರುತ್ತಿತ್ತು. ಕಾಲನ್ನು ನೋಡಿದಳು, ಮುಖ ನೋಡಿದಳು, ಎದ್ದುಹೋಗಿ ಅಡುಗೆಮನೆಯ ಡ್ರಾಯರು ಎಳೆದು ಏನನ್ನೋ ಚೀಲಕ್ಕೆ ತುಂಬಿಕೊಂಡಳು. "ಗುಂಡಿ ಡಬ್ಬಿ ತಗೊಳ್ಳಿ. ಚಪ್ಪಲಿ ಹಾಕ್ಕೊಳ್ಳಿ."

"ಚಪ್ಪಲಿ ಹಿಡಿಸಲ್ಲ ಕಣೇ."

"ನಿಮ್ಮ ಮಗನದು ಹಾಕ್ಕೊಳ್ಳಿ."

ಹಾಗೆ ನಾನು ಲಾರಿ ಓಡಿಸುವವನ ಚಪ್ಪಲಿ ಮೆಟ್ಟಿಕೊಂಡು, ಪಟಪಟ ಸದ್ದು ಮಾಡುತ್ತ, ಸೊಸೆಯ ಭುಜ ಹಿಡಿದು ಡಾಕ್ಟರಮ್ಮನ ಮನೆಗೆ ಹೋದೆ. ನಾದಿನಿಯೂ ಹಿಂದೆ ಬಂದಳು. ಅಣ್ಣನ ವಿಷಯ, ತಾನಿಲ್ಲದೆ ತೀರ್ಮಾನವಾಗಬಾರದು ಅಂತ.

ಡಾಕ್ಟರಮ್ಮ ನಮ್ಮ ಕಥೆಯನ್ನೆಲ್ಲ ಕೇಳಿ, ಬಿಪಿ ಪಟ್ಟಿ ಸುತ್ತಿ ಊದಿಸಿ, ಹುಬ್ಬು ಗಂಟಿಕ್ಕಿದರು. ಆಮೇಲೆ ತಮ್ಮ ಹೆಬ್ಬೆರಳನ್ನು ನನ್ನ ಎಡಗಾಲಿನ ಮೂಳೆಯ ಮೇಲೆ ಒತ್ತಿ ಹಿಡಿದರು, ತೆಗೆದರು. ಗುಳಿ. ಹಾಡುಹಗಲು, ನನ್ನ ಕಣ್ಣೆದುರಿಗೆ, ಯಜಮಾನರು ಯಾವತ್ತೂ ಮುಟ್ಟದ ಎಡಗಾಲಿನಲ್ಲಿ.

"ಅಜ್ಜೀ, ಇದು ನೀರು. ಕಾಲಿನಲ್ಲಿ ನೀರು ತುಂಬಿದೆ. ಯಾರು ಒತ್ತಿದರೂ ಗುಳಿ ಬೀಳುತ್ತೆ. ಏನೇನು ಮಾತ್ರೆ ತಗೊಳ್ತಿದ್ದೀರಿ?"

ಹೆಮ್ಮೆಯಿಂದ ಡಬ್ಬಿ ತೆರೆದೆ. ಅವರು ಒಳಗೆ ನೋಡಿ, "ಇದರಲ್ಲಿ ಯಾವುದು ಏನು ಅಂತ ನಾನೂ ಹೇಳಲಾರೆ," ಅಂದರು. ಆಗ ಸೊಸೆ ಚೀಲದಿಂದ ನಾನು ಎಸೆದಿದ್ದ ಖಾಲಿ ಹಾಳೆಗಳನ್ನು ತೆಗೆದು ಮೇಜಿನ ಮೇಲೆ ಹರಡಿದಳು. ಕಸದಿಂದ ಆರಿಸಿ ಇಟ್ಟುಕೊಂಡಿದ್ದಳಂತೆ. ಡಾಕ್ಟರಮ್ಮ ಒಂದೊಂದೇ ಓದಿದರು.

"ಮೊಣಕಾಲಿಗೆ ಅಂತ ನಾನು ಕೊಟ್ಟಿದ್ದು ಈ ಬಿಳಿ. ಬೆರಳಿಗೆ ಅಂತ ತಗೊಂಡ ಗುಲಾಬಿ ಕೂಡ ಅದೇ ಔಷಧಿ. ಬೇರೆ ಕಂಪನಿ, ಬೇರೆ ಬಣ್ಣ, ಅಷ್ಟೆ. ಈ ಹಳದಿ ಅದರ ಒಡಹುಟ್ಟಿದ ತಮ್ಮ. ಬಾವು ಇಳಿಸೋ ಮಾತ್ರೆಗೆ ಇದು ಮೊಣಕಾಲು, ಇದು ಬೆರಳು ಅಂತ ಏನು ಗೊತ್ತಾಗುತ್ತೆ? ಮೈಯೆಲ್ಲ ಸುತ್ತುತ್ತೆ. ನೀವು ದಿನಾ ಒಂದೇ ಕೆಲಸಕ್ಕೆ ಮೂರು ಆಳು ಇಟ್ಟಿದ್ದೀರಿ."

"ನಾಲ್ಕು," ಅಂದೆ ಮೆಲ್ಲಗೆ. "ಸಂಜೆಗೂ ಒಂದು ಬಿಳಿ."

ಅವರು ಪೆನ್ನು ಕೆಳಗಿಟ್ಟರು. "ಇದು ಹೆಚ್ಚಾದರೆ ಕಿಡ್ನಿ ಸುಸ್ತಾಗಿ ಮೈಯಲ್ಲಿ ನೀರು, ಉಪ್ಪು ನಿಲ್ಲುತ್ತೆ. ಬಿಪಿ ಏರುತ್ತೆ, ಬಿಪಿ ಮಾತ್ರೆ ಕೆಲಸ ಮಾಡಲ್ಲ. ಹೊಟ್ಟೆಯಲ್ಲಿ ಹುಣ್ಣು ಮಾಡುತ್ತೆ. ಊಟದ ಮೇಲೆ ತಗೊಂಡರೂ ಮಾಡುತ್ತೆ. ಮಲ ಕಪ್ಪಗೆ ಹೋಗಿದೆಯಾ? ಇಲ್ಲ ತಾನೆ? ಪುಣ್ಯ. ಇವತ್ತಿಂದ ಬಾವಿನ ಮಾತ್ರೆ ಒಂದೂ ಬೇಡ. ರಕ್ತ, ಮೂತ್ರ ಪರೀಕ್ಷೆ ಮಾಡಿಸಿ. ಇನ್ನು ಹದಿನೈದು ದಿನ ಬಿಟ್ಟು ಬಂದಿದ್ದರೆ ನಿಮ್ಮನ್ನ ಕರೆದುಕೊಂಡು ಹೋಗೋಕೆ ನಿಮ್ಮ ಯಜಮಾನರೇ ಬರಬೇಕಾಗಿತ್ತು."

ನಾನು ಸೋಲುವವಳಲ್ಲ. "ಅದೆಲ್ಲ ಸರಿ ತಾಯಿ. ನೀರಿದೆ, ಗುಳಿ ಬಿತ್ತು. ಒತ್ತಿದ್ದು ಯಾರು? ಆ ಖಾಲಿ ಬೆರಳು?"

ಡಾಕ್ಟರಮ್ಮ ಸ್ವಲ್ಪ ಹೊತ್ತು ನನ್ನ ಕೈಗಳನ್ನೇ ನೋಡಿದರು. "ಕಾಲು ನೋಯುವಾಗ ಹೇಗೆ ಹಿಡ್ಕೊಳ್ತೀರಿ, ತೋರಿಸಿ."

ಬಲಗೈ ಚಾಚಿ ಬಲಗಾಲು ಹಿಡಿದುಕೊಂಡೆ. ಹೆಬ್ಬೆರಳು ಒಳಬದಿಯ ಗುಳಿಯೊಳಗೆ ಹೋಗಿ ಕೂತಿತು, ಮನೆಗೆ ಬಂದ ಹಾಗೆ. ತೋರುಬೆರಳು, ನಡುಬೆರಳು, ಕಿರುಬೆರಳು ತಂತಮ್ಮ ಗುಳಿಗಳಲ್ಲಿ ಇಳಿದವು. ಕಡ್ಡಿಯಾದ ಉಂಗುರದ ಬೆರಳು ಮಾತ್ರ, ಮಡಚಲಾರದೆ, ಖಾಲಿ ಜಾಗದ ಮೇಲೆ ಗಾಳಿಯಲ್ಲಿ ನೆಟ್ಟಗೆ ನಿಂತಿತ್ತು. ಯಾರನ್ನೋ ತೋರಿಸುವ ಹಾಗೆ.

"ಎದುರಿಗೆ ಕುರ್ಚಿ ಹಾಕಿ ಕೂತವರು ಬಲಗೈಯಲ್ಲಿ ಒತ್ತಿದರೆ ಹೆಬ್ಬೆರಳು ಹೊರಗಡೆ ಬರಬೇಕಲ್ವಾ ಅತ್ತೆ?" ಅಂತ ಸೊಸೆ ಮೃದುವಾಗಿ ಕೇಳಿದಳು. ಅಂಗಿಯ ಎಡ ಯಾವುದು ಬಲ ಯಾವುದು ಅಂತ ನೋಡದೆ ಕಾಜಾ ಹೊಲಿದವಳ ಹಾಗಾಯಿತು ನನ್ನ ಸ್ಥಿತಿ. ಗುಂಡಿಯ ಬಣ್ಣ ಯಾವುದಾದರೂ ಅದು ಮುಚ್ಚುವುದು ಒಂದೇ ಕಾಜಾ ಅಂತ ಹೊಸ ಹುಡುಗಿಯರಿಗೆ ಹೇಳಿಕೊಟ್ಟವಳು ನಾನೇ.

ನಾದಿನಿ ಡಾಕ್ಟರಮ್ಮನ ಮನೆಯಲ್ಲೇ ನಗಲು ಶುರು ಮಾಡಿದವಳು ಬೀದಿ ಮುಗಿಯುವವರೆಗೂ ನಿಲ್ಲಿಸಲಿಲ್ಲ. ಅವಳ ಕ್ಯಾಪ್ಸೂಲಿನ ಬಗ್ಗೆಯೂ ಡಾಕ್ಟರಮ್ಮ ಕೇಳಿದ್ದರು. "ನಾನು ಬಿಟ್ಟು ಎಷ್ಟೋ ಕಾಲವಾಯಿತು," ಅಂದಿದ್ದಳು. ಸಂಜೆಯೊಳಗೆ ಇಸ್ತ್ರಿಯವಳವರೆಗೂ ಸುದ್ದಿ ಹೋಯಿತು. "ನಮ್ಮ ಅತ್ತಿಗೆ ತನ್ನ ಕೈಯನ್ನೇ ಗಂಡ ಅಂದುಕೊಂಡು ಕುರ್ಚಿ ಹಾಕಿ ಕೂರಿಸಿದ್ದಳು!" ಇಸ್ತ್ರಿಯವಳು ಈ ಸಲವೂ ಅತ್ತಳಂತೆ, ನಕ್ಕು ನಕ್ಕು.

ಪರೀಕ್ಷೆಯಲ್ಲಿ ಕಿಡ್ನಿ ದಣಿದಿದೆ, ಆದರೆ ಸುಧಾರಿಸುತ್ತದೆ ಅಂತ ಬಂತು. ಮೊಣಕಾಲಿಗೆ ಹಚ್ಚಿಕೊಳ್ಳಲು ಒಂದು ಮುಲಾಮು, ತೀರಾ ತಡೆಯದಿದ್ದರೆ ಬೇರೆ ಜಾತಿಯ ಸಾದಾ ನೋವಿನ ಮಾತ್ರೆ, ಅದೂ ಹಾಳೆಯಲ್ಲೇ, ಅದೂ ಸೊಸೆಯ ಕೈಯಿಂದ. ಗುಂಡಿ ಡಬ್ಬಿಯ ಬಣ್ಣಗಳನ್ನೆಲ್ಲ ಅವಳು ಕಾಗದದಲ್ಲಿ ಕಟ್ಟಿ ಕಸದ ಬುಟ್ಟಿಗೆ ಹಾಕಿದಳು. ದಿನದಿಂದ ದಿನಕ್ಕೆ ಕಾಲು ಇಳಿಯಿತು. ನನ್ನ ಚಪ್ಪಲಿ ನನಗೆ ವಾಪಸು ಬಂತು. ಮಧ್ಯಾಹ್ನ ಎದ್ದು ನೋಡಿದರೆ ಕಾಲಿನ ಮೇಲೆ ಏನೂ ಇಲ್ಲ. ಹೆಬ್ಬೆರಳಿನಿಂದ ಒತ್ತಿ ನೋಡಿದರೂ ಚರ್ಮ ಕೂಡಲೇ ಮೇಲೆದ್ದು ಮುಚ್ಚಿಕೊಳ್ಳುತ್ತಿತ್ತು, ಬಾಗಿಲು ಹಾಕಿಕೊಂಡ ಹಾಗೆ. ಸಂತೋಷಪಡಬೇಕಾದ ವಿಷಯ. ಸಂತೋಷಪಟ್ಟೆ ಅಂತಲೇ ಇಟ್ಟುಕೊಳ್ಳಿ. ಕುರ್ಚಿಯನ್ನು ಮಾತ್ರ ತೆಗೆದಿರಲಿಲ್ಲ, ಕಾಲೂರಲು ಬೇಕಾಗುತ್ತದೆ ಅಂತ ಸೊಸೆಗೆ ಹೇಳಿದ್ದೆ.

ಇದೆಲ್ಲ ಆಗಿ ಎಷ್ಟೋ ವಾರದ ಮೇಲೆ ಒಂದು ಮಧ್ಯಾಹ್ನ ನಾದಿನಿಯ ಕಿರುಚಾಟಕ್ಕೆ ಎಚ್ಚರವಾಯಿತು.

"ಅತ್ತಿಗೇ! ಬಾ ಇಲ್ಲಿ! ಬಂದಿದ್ದ! ನನ್ನ ಹತ್ತಿರ ಬಂದಿದ್ದ!"

ನಡುವಿನ ಹೊಲಿಗೆ ಯಂತ್ರವನ್ನು ಸುತ್ತಿಹೋಗಿ ನೋಡಿದೆ. ಅವಳ ಬಲಗಾಲಿನ ಮೇಲೆ ಗುಳಿಗಳು. ಹೆಬ್ಬೆರಳು ಮತ್ತು ಮೂರು ಬೆರಳು. ಸೊಸೆಗೆ ಅಂದು ರಜೆ, ಅವಳೂ ಓಡಿಬಂದಳು. ಇಬ್ಬರೂ ನನ್ನ ಬಲಗೈಯನ್ನು ನೋಡಿದರು.

"ನನ್ನನ್ನ ಯಾಕೆ ನೋಡ್ತೀರಿ? ನಾನು ನನ್ನ ಮಂಚದಲ್ಲಿದ್ದೆ!"

"ಅತ್ತಿಗೆಗೆ ಹೊಟ್ಟೆಕಿಚ್ಚು," ಅಂದಳು ನಾದಿನಿ, ಹಲ್ಲಿಲ್ಲದ ಬಾಯಿ ತುಂಬ ನಗುತ್ತ.

ನಾನು ಆ ನಗುವನ್ನು ನೋಡಲಿಲ್ಲ. ಅವಳ ಕಣ್ಣಿನ ಕೆಳಗೆ ನೋಡಿದೆ. ಅಲ್ಲಿ ದಿಂಬು ಹೊಲಿದಿಟ್ಟ ಹಾಗಿತ್ತು. "ಒತ್ತಿದ್ದು ಯಾರು ಅನ್ನೋದು ಆಮೇಲೆ. ಗುಳಿ ಉಳಿದದ್ದು ಹೇಗೆ? ಮಾತ್ರೆ ಎಲ್ಲಿಟ್ಟಿದ್ದೀಯ, ಹೇಳು."

"ಯಾವ ಮಾತ್ರೆ?"

"ಪುಟ್ಟೀ!"

ಅವಳ ನಗು ಇಳಿಯಿತು. ದಿಂಬಿನ ಚೀಲದೊಳಗೆ ಕೈ ಹಾಕಿ, ಸೊಸೆ ಕಸಕ್ಕೆ ಎಸೆದಿದ್ದ ಕಾಗದದ ಪೊಟ್ಟಣ ತೆಗೆದಳು. ಬಿಳಿ, ಗುಲಾಬಿ, ಹಳದಿ, ಮುಕ್ಕಾಲು ಮುಗಿದಿದ್ದವು. "ನೀನಂತೂ ಬಿಟ್ಟುಬಿಟ್ಟೆ," ಅಂದಳು, ಚಿಕ್ಕ ಹುಡುಗಿಯ ದನಿಯಲ್ಲಿ. "ಗುಳಿ ಉಳಿಯದಿದ್ದರೆ ಅವನು ಬಂದು ಹೋದದ್ದು ಯಾರಿಗೆ ಗೊತ್ತಾಗುತ್ತೆ?"

ಬೈಯಬೇಕೆಂದಿದ್ದವಳು ಅವಳ ಸೆರಗು ಸರಿಮಾಡಿದೆ. ಸೊಸೆ ಆಗಲೇ ಪೊಟ್ಟಣ ಕಿತ್ತುಕೊಂಡು, ಅವಳಿಗೆ ನನ್ನ ಮಗನ ಚಪ್ಪಲಿ ಹಾಕಿಸುತ್ತಿದ್ದಳು. ಆ ಸಂದಿಯಲ್ಲಿ, ಹೋಗಲಿ, ಅನುಮಾನ ಬೇಡ ಅಂತ ನಾನು ಬಗ್ಗಿ ನನ್ನ ಬಲಗೈಯನ್ನು ನಾದಿನಿಯ ಕಾಲಿನ ಗುಳಿಗಳ ಮೇಲೆ ಇಟ್ಟು ನೋಡಿದೆ.

ಸಾಲಲಿಲ್ಲ. ಒಂದು ಬೆರಳಗಲ ಕಡಿಮೆ ಬಿತ್ತು. ಹೆಬ್ಬೆರಳ ಗುಳಿಯೂ ಹೊರಬದಿಗಿತ್ತು, ಎದುರಿಗೆ ಕೂತವರು ಒತ್ತಿದ ಹಾಗೆ.

ಕೈ ಹಿಂದಕ್ಕೆ ತೆಗೆದುಕೊಂಡೆ. ಅವರಿಬ್ಬರೂ ಪಟಪಟ ಸದ್ದು ಮಾಡಿಕೊಂಡು ಬೀದಿಯ ತಿರುವು ದಾಟಿದರು. ಮನೆ ಸ್ತಬ್ಧವಾಯಿತು. ನಾನು ಕೋಣೆಗೆ ಮರಳಿದಾಗ ಹೊಲಿಗೆ ಯಂತ್ರದ ಗಾಲಿ ಅರ್ಧ ಸುತ್ತು ತಿರುಗಿ ನಿಂತಿತು. ನನ್ನ ಮಂಚದ ಕಾಲುದೆಸೆಯಲ್ಲಿದ್ದ ಕುರ್ಚಿ ಅಲ್ಲಿರಲಿಲ್ಲ. ಬಾಗಿಲ ಪಕ್ಕ, ನಾದಿನಿಯ ಮಂಚದ ಕಾಲುದೆಸೆಯಲ್ಲಿತ್ತು.

ಅದರ ಎದುರಿಗೆ ನಿಂತು, ಸೊಂಟದ ಮೇಲೆ ಕೈಯಿಟ್ಟು, ಕೇಳಿಯೇಬಿಟ್ಟೆ.

"ರೀ, ಅಲ್ಲಿಂದ ಇಲ್ಲಿವರೆಗೆ ಬಂದಿರಿ. ಕೊನೆಗೂ ತಂಗಿ ಕಾಲೇ ಆಯಿತಾ ನಿಮಗೆ?"

ಉತ್ತರ ಬಂತು ಅಂತ ನಾನು ಹೇಳುವುದಿಲ್ಲ, ನನ್ನ ಬಿಪಿ ಈಗ ಸರಿಯಾಗಿದೆ. ಆದರೆ ನಲವತ್ತು ವರ್ಷ ಪೇಪರಿನ ಹಿಂದಿನಿಂದ ಕೇಳಿದ "ಹೂಂ" ಹೇಗಿರುತ್ತದೆ ಅಂತ ನನಗೆ ಗೊತ್ತು.